ವೇಪ್ ತೊಳೆಯೋದು ಹೆಂಗೆ ಅಂತ ಕೇಳಿದರೆ ಉತ್ತರ ಹೇಳೋರು ಯಾರು?

ಗಂಗಾವತಿಯ ಓದುಗರೊಬ್ಬರು ಮೊನ್ನೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ್ದರು. ಜೊತೆಗೆ ಒಂದು ಪ್ರಶ್ನೆ: "ಸರ್, ಇದು ನಮ್ಮ ತಮ್ಮಂದು. ಬೆಂಗಳೂರಿಂದ ತಂದಾನ. ಈಗ ಸುಟ್ಟ ವಾಸ್ನಿ ಬರಾಕತ್ತೈತಿ, ಒಳಗ ತೊಳಿಬೇಕಂತ. ಬಿಸಿನೀರಾಗ ಹಾಕಿದ್ರ ನಡಿತೈತೇನ್ರಿ? ನೀವು ಇಂಜಿನಿಯರಿಂಗ್ ಓದೀರಿ, ಅದಕ್ಕ ಕೇಳ್ದೆ." ಫೋಟೊದಲ್ಲಿ ಇದ್ದದ್ದು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ಪೆನ್‌ಡ್ರೈವ್ ಅಂತ ಯಾರಾದರೂ ನಂಬಿಬಿಡಬಹುದಾದ ಒಂದು ಇ-ಸಿಗರೇಟು. ಹುಡುಗರ ಬಾಯಲ್ಲಿ ವೇಪ್.

ಮಿಕ್ಸರ್ ಕೆಟ್ಟರೆ, ಪಂಪ್‌ಸೆಟ್ ಸುಟ್ಟರೆ, ಮೊಬೈಲ್ ನೀರಿಗೆ ಬಿದ್ದರೆ ಏನು ಮಾಡಬೇಕು ಅಂತ ಹೇಳೋಕೆ ನಮ್ಮೂರಲ್ಲಿ ಜನ ಇದ್ದಾರೆ. ಡಬ್ಬಿಯೊಳಗೆ ಒಂದು ಪುಸ್ತಕ ಇರುತ್ತದೆ, ಬಜಾರಿನಲ್ಲಿ ಒಬ್ಬ ಮೆಕ್ಯಾನಿಕ್ ಇರುತ್ತಾನೆ. ಈ ವಸ್ತುವಿಗೆ ಎರಡೂ ಇಲ್ಲ. ಇರೋಕೆ ಸಾಧ್ಯವೂ ಇಲ್ಲ, ಯಾಕೆಂದರೆ ಕಾನೂನಿನ ಪ್ರಕಾರ ಈ ವಸ್ತು ಕೊಪ್ಪಳ ಜಿಲ್ಲೆಗೆ ಬಂದೇ ಇಲ್ಲ.

ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು, ಅದೇ ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆ ಮಾಡಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ ಮೂರು ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ. ನಿಕೋಟಿನ್ ಇಲ್ಲದ ವೇಪ್ ಕೂಡ ಈ ವ್ಯಾಖ್ಯೆಯೊಳಗೇ ಬರುತ್ತದೆ. ಇಡೀ ಸಾಧನ ಅಷ್ಟೇ ಅಲ್ಲ, ಅದರ "ಯಾವುದೇ ಬಿಡಿಭಾಗ" ಮಾರಿದರೂ ಅಪರಾಧವೇ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಬರೆದ ಕಾಯ್ದೆಯಲ್ಲಿ ಸೇದುವವನಿಗೆ ಅಂತ ಶಿಕ್ಷೆ ಬರೆದಿಲ್ಲ. ಅದು ಸರಿಯಾದದ್ದೇ, ಚಟಕ್ಕೆ ಬಿದ್ದ ಹತ್ತೊಂಬತ್ತರ ಹುಡುಗನನ್ನು ಜೈಲಿಗೆ ಹಾಕಿ ಯಾರಿಗೂ ಉಪಕಾರವಿಲ್ಲ. ಆದರೆ ಶಿಕ್ಷೆ ಬರೆಯದೆ ಬಿಟ್ಟವರು ಅವನ ಬಗ್ಗೆ ಇನ್ನೇನನ್ನೂ ಬರೆಯದೆ ಬಿಟ್ಟರು. ಕೈಯಲ್ಲಿ ಒಂದು ವೇಪ್ ಇಟ್ಟುಕೊಂಡವನು 'ದಾಸ್ತಾನುದಾರ'ನೋ ಅಲ್ಲವೋ ಅನ್ನೋದನ್ನು ಒಬ್ಬೊಬ್ಬರು ಒಂದೊಂದು ರೀತಿ ಓದುತ್ತಾರೆ. ಹೀಗಾಗಿ ಅವನು ಅಡಗಿಸಿಡುತ್ತಾನೆ. ಅಡಗಿಸಿಟ್ಟದ್ದು ಕೆಟ್ಟಾಗ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ತಾನೇ ಬಿಚ್ಚುತ್ತಾನೆ. ಅಪಾಯ ಶುರುವಾಗೋದು ಅಲ್ಲಿಂದ.

ನಿಷೇಧ ಬೇಡ ಅಂತ ನಾನು ಹೇಳುತ್ತಿಲ್ಲ. ದೇಶದಲ್ಲಿ ನಿಷೇಧಕ್ಕೆ ಮುಂಚೆ ನಡೆದ 2016–17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೀಡಿ, ಗುಟ್ಕಾ, ಜರ್ದಾದ ಹೊರೆಯನ್ನೇ ಹೊರಲಾಗದ ರಾಜ್ಯಕ್ಕೆ ಮಾವಿನಹಣ್ಣಿನ ವಾಸನೆಯ ಹೊಸ ಚಟ ಬೇಕಾಗಿರಲಿಲ್ಲ. ಆದರೆ ನಮ್ಮ ಕಡೆ ನಿಷೇಧ ಹೇಗೆ ನಡೆಯುತ್ತದೆ ಅನ್ನೋದು ಗೊತ್ತೇ ಇದೆ. 2013ರಲ್ಲಿ ಗುಟ್ಕಾ ನಿಷೇಧವಾಯಿತು, ಮರುದಿನದಿಂದ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ, ಬಾಯಲ್ಲಿ ಎರಡೂ ಒಂದೇ. ಇ-ಸಿಗರೇಟಿನ ವಿಷಯದಲ್ಲೂ 2025ರ ಡಿಸೆಂಬರ್‌ನಲ್ಲಿ ಲೋಕಸಭೆಯೊಳಗೇ ಒಬ್ಬ ಸದಸ್ಯರು ಸೇದುತ್ತಿದ್ದಾರೆ ಅನ್ನುವ ಆರೋಪ ಎದ್ದಿತ್ತು. ದಿಲ್ಲಿಯ ಸದನದ ಕಥೆಯೇ ಹೀಗಿದ್ದರೆ, ಬೆಂಗಳೂರು, ಗೋವಾ, ಹೈದರಾಬಾದ್‌ಗೆ ಓದೋಕೆ, ದುಡಿಯೋಕೆ ಹೋಗಿ ಹಬ್ಬಕ್ಕೆ ಊರಿಗೆ ಬರುವ ಕುಷ್ಟಗಿ, ಯಲಬುರ್ಗಾದ ಹುಡುಗರ ಬ್ಯಾಗಿನಲ್ಲಿ ಅದು ಇರಲಾರದು ಅಂತ ಅಂದುಕೊಳ್ಳೋದು ಹೇಗೆ?

ಸರಿ, ಸುಟ್ಟ ವಾಸನೆಗೆ ಬರೋಣ. ಇದರೊಳಗಿನ ಇಂಜಿನಿಯರಿಂಗ್ ಬಹಳ ಸರಳ. ಒಂದು ಲಿಥಿಯಂ ಬ್ಯಾಟರಿ, ಒಂದು ಸಣ್ಣ ತಂತಿಯ ಸುರುಳಿ, ಅದರ ಸುತ್ತ ಅಥವಾ ಒಳಗೆ ಹತ್ತಿ, ಹತ್ತಿಯನ್ನು ನೆನೆಸಿಡುವ ದ್ರವ. ನೀರು ಕಾಯಿಸುವ ಕಾಯಿಲ್ ಇದೆಯಲ್ಲ, ಅದರದ್ದೇ ಮರಿ. 3.7 ವೋಲ್ಟ್ ಬ್ಯಾಟರಿಗೆ 1 ಓಮ್ ಸುರುಳಿ ಸೇರಿಸಿದರೆ ಸುಮಾರು 14 ವ್ಯಾಟ್. ಆದರೆ ಇಲ್ಲಿ ಆ ಶಾಖವೆಲ್ಲ ಅಕ್ಕಿಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ದ್ರವ ಆವಿಯಾಗುವಾಗ ಆ ಶಾಖವನ್ನು ತಾನು ತೆಗೆದುಕೊಂಡು ಹೋಗುತ್ತದೆ. ಹತ್ತಿ ಒಣಗಿದರೆ ತೆಗೆದುಕೊಂಡು ಹೋಗುವವರಿಲ್ಲ, ಹತ್ತಿಯೇ ಸುಡುತ್ತದೆ. ದ್ರವದಲ್ಲಿ ಹಾಕಿದ ಸಿಹಿ ಪದಾರ್ಥ, ಸಕ್ಕರೆ ಪಾಕ ತಳ ಹಿಡಿದ ಹಾಗೆ, ಸುರುಳಿಯ ಮೇಲೆ ಕಪ್ಪಗೆ ಕಟ್ಟುತ್ತದೆ. ಸುಟ್ಟ ವಾಸನೆ ಅಂದರೆ ಇದು. ಹಾಗೆ ಒಣಗಿ ಕಾಯುವಾಗ ದ್ರವದ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ಕಪ್ಪೆ ಇಟ್ಟಿರುತ್ತಿದ್ದ ಬಾಟಲಿಯ ವಾಸನೆ ನೆನಪಿದೆಯಲ್ಲ, ಅದೇ ಕುಟುಂಬ.

ಈಗ ಬಿಸಿನೀರಿನ ಪ್ರಶ್ನೆ. ಬಿಸಾಡುವ ಮಾದರಿಯ ವೇಪಿನಲ್ಲಿ ಸುರುಳಿ, ಬ್ಯಾಟರಿ, ಸರ್ಕ್ಯೂಟು ಎಲ್ಲವೂ ಒಂದೇ ಕವಚದಲ್ಲಿ ಮುಚ್ಚಿಟ್ಟಿರುತ್ತವೆ. ಅದನ್ನು ನೀರಿಗೆ ಹಾಕೋದು ಅಂದರೆ ಬ್ಯಾಟರಿಯನ್ನೇ ನೀರಿಗೆ ಹಾಕಿದಂತೆ. ಪಾಡ್ ಅನ್ನುವ ಮಾದರಿಯಲ್ಲಿ ಸುರುಳಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುತ್ತದೆ, ಸುಟ್ಟರೆ ಡಬ್ಬಿಯನ್ನೇ ಬದಲಿಸಬೇಕು. ಟ್ಯಾಂಕಿನ ಮಾದರಿಯಲ್ಲಿ ಮಾತ್ರ ಗಾಜು, ಬಾಯಿಗೆ ಇಡುವ ತುದಿ ಬಿಚ್ಚಿ ತೊಳೆಯಬಹುದು. ಅಲ್ಲೂ ಸುರುಳಿ ತೊಳೆಯುವ ವಸ್ತುವಲ್ಲ. ಸುಟ್ಟ ಹತ್ತಿ ತೊಳೆದರೆ ಹೊಸ ಹತ್ತಿ ಆಗುವುದಿಲ್ಲ, ಒಳಗೆ ಉಳಿದ ನೀರು ಲೋಹವನ್ನು ತಿನ್ನುತ್ತದೆ, ಸ್ಪಿರಿಟ್ ಹಾಕಿ ಒರೆಸಿದವರು ಅದು ಪೂರ್ತಿ ಆರುವ ಮುಂಚೆ ಗುಂಡಿ ಒತ್ತಿದರೆ ಏನಾದೀತು ಅಂತ ಹೇಳಬೇಕಿಲ್ಲ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಜನ ಬಳಸುತ್ತಿದ್ದ ವೇಪುಗಳನ್ನೇ ತೆಗೆದುಕೊಂಡು ಪರೀಕ್ಷಿಸಿದ್ದರು. ಬಾಟಲಿಯಲ್ಲಿದ್ದಾಗ ಅಷ್ಟಾಗಿ ಇಲ್ಲದ ಸೀಸ, ಕ್ರೋಮಿಯಂ, ನಿಕ್ಕಲ್ ಸುರುಳಿಗೆ ತಾಗಿದ ಮೇಲೆ ದ್ರವದಲ್ಲೂ ಆವಿಯಲ್ಲೂ ಸಿಕ್ಕವು. ತೊಳೆದರೆ ವಾಸನೆ ಹೋಗಬಹುದು. ಸುರುಳಿಯ ಲೋಹ ಹೋಗುತ್ತದೆಯೇ?

ಹಾಗಾದರೆ ಹುಡುಗರು ಯಾಕೆ ತೊಳೆಯುತ್ತಾರೆ? ಹೊಸ ಸುರುಳಿ ಸಿಗುವುದಿಲ್ಲ, ಅದಕ್ಕೆ. 'ಯಾವುದೇ ಬಿಡಿಭಾಗ' ಮಾರಿದರೂ ಅಪರಾಧ ಅಂತ ಕಾಯ್ದೆ ಹೇಳುವಾಗ ಕೊಪ್ಪಳದ ಜವಾಹರ ರಸ್ತೆಯಲ್ಲಿ ಯಾರು ಮಾರುತ್ತಾರೆ? ಬಿಡಿಭಾಗ ಸಿಗದ ಊರಿನಲ್ಲಿ ತೊಳೆಯೋದೇ ರಿಪೇರಿ. ಟಿವಿ ರಿಮೋಟಿನ ಬ್ಯಾಟರಿಯನ್ನು ಬಿಸಿಲಿಗೆ ಇಟ್ಟು ಇನ್ನೆರಡು ದಿನ ನಡೆಸಿದ ಜನ ನಾವು, ಇದನ್ನು ಬಿಡುತ್ತೇವೆಯೇ?

ಸುರುಳಿಗಿಂತ ನನಗೆ ಹೆದರಿಕೆ ಇರೋದು ದ್ರವದ ಬಗ್ಗೆ. ಸೇದುವಾಗ ದೇಹಕ್ಕೆ ಹೋಗುವುದು ಆವಿ, ಸ್ವಲ್ಪ ಸ್ವಲ್ಪ. ತೊಳೆಯುವಾಗ ಕೈಗೆ ತಾಗುವುದು ಗಟ್ಟಿ ದ್ರವ. ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹಸಿ ತಂಬಾಕು ಎಲೆ ಕೊಯ್ಯುವ ಕೂಲಿಗಳಿಗೆ ಎಲೆ ಒದ್ದೆಯಿದ್ದ ದಿನ ತಲೆಸುತ್ತು, ವಾಂತಿ ಬರುವ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ. ಅವರು ಒಂದು ಎಳೆಯನ್ನೂ ಸೇದಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. ವೇಪಿನ ದ್ರವದಲ್ಲಿ ಒಂದು ಮಿಲಿಗೆ 50 ಮಿಲಿಗ್ರಾಂ ನಿಕೋಟಿನ್ ಇರೋದು ಸಾಮಾನ್ಯ. ಒಂದು ಟೀ ಚಮಚಕ್ಕೆ 5 ಮಿಲಿ, ಅಂದರೆ 250 ಮಿಲಿಗ್ರಾಂ. ದೊಡ್ಡವರಿಗೆ ಪ್ರಾಣಾಂತಿಕ ಪ್ರಮಾಣ 60 ಮಿಲಿಗ್ರಾಂ ಅಂತ ಹಳೆಯ ಪುಸ್ತಕಗಳು ಬರೆಯುತ್ತಿದ್ದವು. ಅದು ತೀರಾ ಕಡಿಮೆ ಅಂದಾಜು, 500 ಮಿಲಿಗ್ರಾಂಗಿಂತ ಹೆಚ್ಚೇ ಬೇಕು ಅಂತ 2014ರ ಸುಮಾರಿಗೆ ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಬರ್ನ್ಡ್ ಮೇಯರ್ ವಾದಿಸಿದರು. ಇರಲಿ, ದೊಡ್ಡವರ ಲೆಕ್ಕ ಅದು. ಎರಡು ವರ್ಷದ ಮಗುವಿಗೆ ಆ ಲೆಕ್ಕ ನಡೆಯುವುದಿಲ್ಲ. ಬಚ್ಚಲಿನ ಕಟ್ಟೆಯ ಮೇಲೆ ಒಣಗೋಕೆ ಇಟ್ಟ ಪಾಡ್‌ನಿಂದ ಸ್ಟ್ರಾಬೆರಿ ವಾಸನೆ ಬರುತ್ತಿದ್ದರೆ ಆ ಮಗು ಏನು ಮಾಡುತ್ತದೆ? ಇಂಥ ದ್ರವ ಕುಡಿದು ಇಸ್ರೇಲ್‌ನಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಪುಟ್ಟ ಮಕ್ಕಳು ಸತ್ತ ಮೇಲೆ ಅಮೆರಿಕ ಮಕ್ಕಳು ತೆರೆಯಲಾಗದ ಮುಚ್ಚಳ ಕಡ್ಡಾಯ ಮಾಡಿ 2016ರ ಜನವರಿಯಲ್ಲಿ ಕಾನೂನು ತಂದಿತು. ಕಳ್ಳದಾರಿಯಲ್ಲಿ ಬರುವ ಬಾಟಲಿಗೆ ಯಾವ ಮುಚ್ಚಳ ಇರಬೇಕು ಅಂತ ಯಾರು ಹೇಳೋದು?

ಗಂಗಾವತಿ, ಕಾರಟಗಿಯ ಭತ್ತದ ರೈತರಿಗೆ ಈ ವಿಷಯ ಬೇರೆ ರೀತಿಯಲ್ಲಿ ಗೊತ್ತು. ಜಿಗಿ ಹುಳಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಯಾವ ಗುಂಪಿಗೆ ಸೇರಿದ್ದು ಅಂತ ಕೇಳಿದರೆ ನಿಯೋನಿಕೋಟಿನಾಯ್ಡ್ ಅಂತಾರೆ, ಅಂದರೆ ನಿಕೋಟಿನ್ ಕೆಲಸ ಮಾಡುವ ರೀತಿಯನ್ನೇ ನೋಡಿ ಕಟ್ಟಿದ ಹೊಸ ವಿಷ. ಅದಕ್ಕೂ ಹಿಂದೆ ತಂಬಾಕಿನ ಕಷಾಯಕ್ಕೆ ಸಾಬೂನು ಬೆರೆಸಿ ಗಿಡಹೇನಿಗೆ ಹೊಡೆಯುವ ರೂಢಿ ಇತ್ತು. ನಿಕೋಟಿನ್ ಮೂಲತಃ ಗಿಡ ತನ್ನ ರಕ್ಷಣೆಗೆ ಮಾಡಿಕೊಂಡ ಕೀಟನಾಶಕ. ಗೊಬ್ಬರದಂಗಡಿಯಿಂದ ತಂದ ಔಷಧಿ ಡಬ್ಬಿಯ ಮೇಲೆ ವಿಷ ಎಷ್ಟು ಅನ್ನೋದಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದೆ. ಒಳಗೆ ಮಡಚಿಟ್ಟ ಕಾಗದದಲ್ಲಿ ಕನ್ನಡದಲ್ಲೂ ಬರೆದಿರುತ್ತದೆ: ಗ್ಲೌಸ್ ಹಾಕಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಖಾಲಿ ಡಬ್ಬಿ ಮನೆಗೆ ಬಳಸಬೇಡಿ, ವಿಷ ಏರಿದರೆ ಹೀಗೆ ಮಾಡಿ. ಅದನ್ನು ಎಷ್ಟು ಜನ ಓದುತ್ತಾರೆ ಅನ್ನೋದು ಬೇರೆ ಮಾತು. ಕಾಗದ ಇದೆ. ಅಷ್ಟೇ ಘಾಟು ವಿಷ ಹಾಸಿಗೆಯ ಕೆಳಗೆ ಇದ್ದರೂ ವೇಪಿಗೆ ಕಾಗದ ಇಲ್ಲ.

ಮಾರಾಟಕ್ಕೆ ಅನುಮತಿ ಇರುವ ಕಡೆ ಆ ಕಾಗದ ಇದೆ. ಐರೋಪ್ಯ ಒಕ್ಕೂಟದ 2014ರ ತಂಬಾಕು ನಿರ್ದೇಶನದ ಪ್ರಕಾರ ದ್ರವದಲ್ಲಿ ಮಿಲಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದು, ಬಾಟಲಿ 10 ಮಿಲಿ ಮೀರಬಾರದು, ಟ್ಯಾಂಕು 2 ಮಿಲಿ ಮೀರಬಾರದು, ಬಳಸುವ ಮತ್ತು ಇಡುವ ಕ್ರಮ ಹೇಳುವ ಚೀಟಿ ಒಳಗಿರಲೇಬೇಕು. ಅದನ್ನು ನೋಡಿ ನಾವೂ ಮಾರಾಟಕ್ಕೆ ಬಿಡೋಣ ಅನ್ನೋ ವಾದ ಕೆಲವರದ್ದು. ನನ್ನ ವಾದ ಅದಲ್ಲ. ನಿಷೇಧ ಇಟ್ಟುಕೊಂಡೇ ಆ ಚೀಟಿಯನ್ನು ಸರ್ಕಾರ ಬರೆಯಬಹುದು ಅನ್ನೋದಷ್ಟೇ ನನ್ನ ಮಾತು.

ಈ ಚೀಟಿ ಇಲ್ಲದ್ದರ ಬೆಲೆ ಏನು ಅಂತ ಆಸ್ಪತ್ರೆಯ ಕಡೆಯಿಂದ ನೋಡಿ. ನಿಕೋಟಿನ್ ವಿಷ ಏರಿದಾಗ ಮೊದಲಿಗೆ ಬರುವ ಲಕ್ಷಣಗಳು ವಾಂತಿ, ಬೆವರು, ಜೊಲ್ಲು, ಮೈ ಬಿಳಿಚಿಕೊಳ್ಳೋದು, ಎದೆಬಡಿತ ಏರೋದು. ಜಾಸ್ತಿಯಾದರೆ ಫಿಟ್ಸ್, ಉಸಿರಿನ ತೊಂದರೆ. ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದವರನ್ನು ನೋಡುತ್ತಲೇ ಇರುವ ನಮ್ಮ ಜಿಲ್ಲೆಯ ವೈದ್ಯರಿಗೆ ಈ ಜೊಲ್ಲು, ವಾಂತಿ ನೋಡಿದ ಕೂಡಲೇ ತಲೆಗೆ ಬರುವುದು ಕೀಟನಾಶಕ. ಆಗ ಮನೆಯವರು ಪೊಲೀಸ್ ಕೇಸಾದೀತು ಅಂತ ಹೆದರಿ "ಏನೋ ತಿಂದಾನ್ರೀ, ಗೊತ್ತಿಲ್ರೀ" ಅಂದುಬಿಟ್ಟರೆ? ದ್ರವ ಕೈಗೆ, ಮೈಗೆ ಚೆಲ್ಲಿದರೆ ಬಟ್ಟೆ ತೆಗೆದು ಸಾಬೂನು, ನೀರಿನಿಂದ ಚೆನ್ನಾಗಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಬಿಡಬೇಕು. ಮಗು ನುಂಗಿದ್ದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸಬಾರದು, ಬಾಟಲಿ ಅಥವಾ ಆ ವೇಪನ್ನೇ ಜೊತೆಗೆ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಓಡಬೇಕು, ಗಾಡಿ ಇಲ್ಲದಿದ್ದರೆ 108. ಇದರಲ್ಲಿ ಒಂದು ವಾಕ್ಯವೂ ಹೊಸದಲ್ಲ. ಇವನ್ನು ಕುಷ್ಟಗಿಯ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಬರೆಸೋಕೆ ಎಷ್ಟು ಖರ್ಚು?

ದ್ರವವನ್ನು ಮನೆಯಲ್ಲೇ ಬೆರೆಸುವ ವಿಡಿಯೊಗಳ ಬಗ್ಗೆ ಎರಡೇ ಮಾತು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಒಂದೇ ಸಮನೆ ಹಾಳಾಗತೊಡಗಿದಾಗ, 2020ರ ಫೆಬ್ರುವರಿ 18ರವರೆಗೆ 2,807 ಪ್ರಕರಣ, 68 ಸಾವು ದಾಖಲಾದವು. ಮುಖ್ಯ ಕಾರಣ ಅಂತ ಸಿಕ್ಕಿದ್ದು ಗಾಂಜಾದ ಸತ್ವ ಬೆರೆಸಿದ ಕಳ್ಳಮಾಲಿನಲ್ಲಿ ದ್ರವ ದಪ್ಪ ಕಾಣಲಿ ಅಂತ ಹಾಕಿದ್ದ ವಿಟಮಿನ್ ಇ ಅಸಿಟೇಟ್. ಚರ್ಮಕ್ಕೆ ಹಚ್ಚಿದರೆ ಏನೂ ಆಗದ್ದು ಶ್ವಾಸಕೋಶಕ್ಕೆ ಹೋದರೆ ಬೇರೆಯೇ ಕಥೆ.

ಇನ್ನು ಬ್ಯಾಟರಿ. ಫಾಸ್ಟ್ ಚಾರ್ಜರ್ ಹಾಕಿದರೆ ವೇಪ್ ಸಿಡಿಯುತ್ತದೆ ಅನ್ನೋ ಮಾತು ಅರ್ಧ ಸತ್ಯ. ಒಳ್ಳೆಯ ಚಾರ್ಜರು ಎದುರಿನ ಸಾಧನ ಕೇಳದೆ 5 ವೋಲ್ಟಿಗಿಂತ ಹೆಚ್ಚು ಕೊಡುವುದಿಲ್ಲ. ತೊಂದರೆ ಇರೋದು ಕಳಪೆ ಚಾರ್ಜರಿನಲ್ಲಿ, ಅದಕ್ಕಿಂತ ಹೆಚ್ಚಾಗಿ ವೇಪಿನೊಳಗೆ ಚಾರ್ಜ್ ನಿಲ್ಲಿಸುವ ಸರ್ಕ್ಯೂಟನ್ನು ಕಾಸು ಉಳಿಸೋಕೆ ಕಳಪೆ ಮಾಡಿದ್ದರಲ್ಲಿ. ಬಿಸಾಡುವ ಮಾದರಿಯನ್ನು ಬಿಚ್ಚಿ ಒಳಗಿನ ಬ್ಯಾಟರಿಗೆ ತಂತಿ ಹಚ್ಚಿ ಚಾರ್ಜ್ ಮಾಡುವ ಸಾಹಸ ಬೇರೆ. ಲಿಥಿಯಂ ಸೆಲ್ 4.2 ವೋಲ್ಟ್ ದಾಟಿದರೆ, ತಂತಿ ತಂತಿ ತಾಗಿದರೆ, ಚಾಕು ತಾಗಿ ಪದರ ಹರಿದರೆ ಒಳಗಿನ ಶಾಖ ತನ್ನನ್ನು ತಾನೇ ಏರಿಸಿಕೊಳ್ಳುತ್ತ ಹೋಗುತ್ತದೆ, ಆಮೇಲೆ ನಿಲ್ಲಿಸೋಕಾಗಲ್ಲ. ಸಾಮಾನ್ಯ ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು ಅಂತ ತಯಾರಕರೇ ಹೇಳುತ್ತಾರೆ. ಏಪ್ರಿಲ್-ಮೇ ತಿಂಗಳ ಯಲಬುರ್ಗಾದಲ್ಲಿ ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಮನೆಯೊಳಗೆ, ಬೈಕಿನ ಸೀಟಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಎಷ್ಟಿರುತ್ತದೆ ಅಂತ ನೀವೇ ಊಹಿಸಿ.

ಹೀಗಾಗಿ ಓದುಗರಿಗೆ ನಾನು ಬರೆದ ಉತ್ತರ ಚಿಕ್ಕದಿತ್ತು: ತೊಳೆಯೋಕೆ ಹೋಗಬೇಡಿ, ಬಿಚ್ಚಬೇಡಿ, ಮನೆಯಿಂದ ಹೊರಗೆ ಹಾಕಿ. ತಕ್ಷಣ ಮರುಪ್ರಶ್ನೆ ಬಂತು. "ಹೊರಗ ಅಂದ್ರ ಎಲ್ಲಿಗ್ರಿ?"

ಒಳ್ಳೆಯ ಪ್ರಶ್ನೆ. ಕಸದ ಟಿಪ್ಪರಿಗೆ ಹಾಕಿದರೆ ಅದು ಒತ್ತಿ, ಜಜ್ಜಿ ಹೋಗುವಾಗ ಬೆಂಕಿ ಹತ್ತಬಹುದು. ಬ್ರಿಟನ್‌ನಲ್ಲಿ 2023ರಲ್ಲಿ ವಾರಕ್ಕೆ ಸುಮಾರು 50 ಲಕ್ಷ ಬಿಸಾಡುವ ವೇಪುಗಳು ಕಸಕ್ಕೆ ಹೋಗುತ್ತಿದ್ದವು ಅನ್ನೋ ಅಂದಾಜಿತ್ತು. ಕಸದ ಲಾರಿಗಳ ಬೆಂಕಿ, ಮಕ್ಕಳ ಚಟ ಎರಡೂ ಸೇರಿ ಕೊನೆಗೆ 2025ರ ಜೂನ್ 1ರಿಂದ ಆ ಮಾದರಿಯ ಮಾರಾಟವನ್ನೇ ಅವರು ನಿಲ್ಲಿಸಿದರು. ಇಲ್ಲಿ ಗುಜರಿಗೆ ಕೊಟ್ಟರೆ ಅಲ್ಲಿ ಅದನ್ನು ಸುತ್ತಿಗೆಯಿಂದ ಒಡೆಯುವವನು ಹನ್ನೆರಡರ ಹುಡುಗನೂ ಇರಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕ ಮತ್ತು ಆಮದುದಾರನ ಮೇಲೆ ಹಾಕಿವೆ. ಇಲ್ಲಿ ಆಮದುದಾರ ಅಂದರೆ ಕಳ್ಳಸಾಗಣೆ ಮಾಡಿದವನು. ಅವನು ಸಂಗ್ರಹ ಕೇಂದ್ರ ತೆರೆಯುವುದನ್ನು ಕಾಯುತ್ತ ಕೂರೋಣವೇ?

ಪೊಲೀಸ್ ಠಾಣೆಗೆ ಕೊಡಿ ಅನ್ನಬಹುದು. 2019ರಲ್ಲಿ ಅಂಗಡಿಯವರು ಇದ್ದ ದಾಸ್ತಾನನ್ನು ಪಟ್ಟಿ ಮಾಡಿ ಒಪ್ಪಿಸಬೇಕು ಅಂತ ಕಾನೂನೇ ದಾರಿ ಮಾಡಿತ್ತು. ಮನೆಯವರಿಗೆ ಅಂಥ ದಾರಿ ಇಲ್ಲ. 2023ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಪೋರ್ಟಲ್ ಶುರು ಮಾಡಿತು. ಯಾರಾದರೂ ಇ-ಸಿಗರೇಟು ಮಾರಿದರೆ ದೂರು ಕೊಡೋಕೆ. ಒಪ್ಪಿಸೋಕೆ ಅಲ್ಲ. ಮಗನ ಬ್ಯಾಗಿನಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡು ಯಾವ ಅವ್ವ ಠಾಣೆಯ ಮೆಟ್ಟಿಲು ಹತ್ತುತ್ತಾಳೆ?

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ ಅನ್ನೋದು ಸಿಟ್ಟು ಬರಿಸುವ ಸಂಗತಿ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಮನೆಯ ಅಪಾಯಕಾರಿ ಕಸ ಅನ್ನುವ ವಿಭಾಗ ಇತ್ತು. ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ, ಬಳಸಿದ ಬ್ಯಾಟರಿ, ಸೂಜಿ ಎಲ್ಲ ಅದರಲ್ಲಿ. ಇವನ್ನು ಜನ ತಂದು ಹಾಕೋಕೆ 20 ಚದರ ಕಿಲೋಮೀಟರಿಗೆ ಒಂದರಂತೆ ಕೇಂದ್ರ ಮಾಡಬೇಕು ಅಂತ ಸ್ಥಳೀಯ ಸಂಸ್ಥೆಗಳಿಗೆ ಆಗಲೇ ಬರೆದಿದ್ದರು. ಕೊಪ್ಪಳ ಮತ್ತು ಗಂಗಾವತಿ ನಗರಸಭೆ, ಕುಷ್ಟಗಿ ಪುರಸಭೆ, ಯಲಬುರ್ಗಾ ಪಟ್ಟಣ ಪಂಚಾಯಿತಿ, ಈ ನಾಲ್ಕು ಕಚೇರಿಯ ಅಂಗಳದಲ್ಲಿ ಮರಳು ಹಾಕಿದ ಒಂದೊಂದು ಕಬ್ಬಿಣದ ಡ್ರಮ್ಮು, ಮೇಲೆ "ಹಳೆ ಬ್ಯಾಟರಿ, ಪವರ್‌ಬ್ಯಾಂಕ್, ವೇಪ್ ಇಲ್ಲಿ ಹಾಕಿ, ಹೆಸರು ಕೇಳುವುದಿಲ್ಲ" ಅಂತ ಒಂದು ಬೋರ್ಡು. ಡ್ರಮ್ಮು ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಕಳಿಸಬೇಕು, ಅಷ್ಟೇ. ಕಾರ್ಖಾನೆ ಹೊಗೆಯ ವಿರುದ್ಧ 2025ರ ಫೆಬ್ರುವರಿಯಲ್ಲಿ ಬಂದ್ ಮಾಡಿ ಬೀದಿಗಿಳಿದ ಊರು ಕೊಪ್ಪಳ. ಶ್ವಾಸಕೋಶದ ಬೆಲೆ ಗೊತ್ತಿರುವ ಜನಕ್ಕೆ ಈ ಡ್ರಮ್ಮಿನ ಅಗತ್ಯ ತಿಳಿಸೋದು ಕಷ್ಟವಲ್ಲ.

ಅಧಿಕಾರಿಗಳ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಕಾಯ್ದೆಯಲ್ಲಿ ಜಾಹೀರಾತಿಗೂ ನಿಷೇಧ ಇದೆ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಬಳಕೆಗೆ ಉತ್ತೇಜನ ಕೊಡಬಾರದು. "ವೇಪ್ ಬಗ್ಗೆ ಕರಪತ್ರ ಹಾಕಿದರೆ ನಾವೇ ಪರಿಚಯ ಮಾಡಿಸಿದ ಹಾಗಾಗುತ್ತದೆ" ಅನ್ನೋ ಮಾತು ಶಾಲೆಗಳಲ್ಲೂ ಕೇಳಿಬರುತ್ತದೆ. ಆದರೆ ಪರಿಚಯ ಮಾಡಿಸುವ ಕೆಲಸವನ್ನು ಮೊಬೈಲ್ ಯಾವಾಗಲೋ ಮಾಡಿ ಮುಗಿಸಿದೆ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಸುರುಳಿ ತೊಳೆಯೋದು ಹೇಗೆ ಅಂತ ತೋರಿಸುವ ವಿಡಿಯೊ ಬೇಕಾದಷ್ಟಿವೆ. ತೊಳೆಯಬೇಡ, ಯಾಕೆ ಬೇಡ, ಬದಲಿಗೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಹೇಳುವ ಸರ್ಕಾರಿ ದನಿ ಅಷ್ಟು ಜೋರಾಗಿ ಕೇಳುತ್ತದೆಯೇ? ಇಲಿ ಪಾಷಾಣದ ಡಬ್ಬಿಯ ಮೇಲೆ ಎಚ್ಚರಿಕೆ ಬರೆದರೆ ಅದು ಇಲಿ ಪಾಷಾಣದ ಜಾಹೀರಾತು ಆಗುವುದಿಲ್ಲ.

ಡ್ರಮ್ಮು ಬರುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ವೇಪ್ ಆಫ್ ಮಾಡುವ ಗುಂಡಿ ಇದ್ದರೆ ಆಫ್ ಮಾಡಿ. ಪಾಡ್ ಅಥವಾ ಬ್ಯಾಟರಿ ಕೈಯಿಂದ ಸುಲಭವಾಗಿ ಕಳಚುವಂತಿದ್ದರೆ ಮಾತ್ರ ಕಳಚಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು. ಬ್ಯಾಟರಿಯ ತುದಿಗಳಿಗೆ, ಚಾರ್ಜಿಂಗ್ ತೂತಿಗೆ ಇನ್ಸುಲೇಷನ್ ಟೇಪು ಸುತ್ತಿ. ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ಮಕ್ಕಳ ಕೈಗೆ ಸಿಗದ, ಬಿಸಿಲು ಬೀಳದ ಜಾಗದಲ್ಲಿಡಿ, ಮುಚ್ಚಳ ಗಾಳಿಯಾಡದಷ್ಟು ಬಿಗಿಯಾಗಿರೋದು ಬೇಡ. ಉಬ್ಬಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ ಮನೆಯೊಳಗೇ ಇಡಬೇಡಿ. ಉಳಿದ ದ್ರವವನ್ನು ಬಚ್ಚಲಿಗೆ, ಚರಂಡಿಗೆ ಸುರಿಯಬೇಡಿ. ಬೆಂಗಳೂರಿಗೆ ಹೋಗುವವರಿದ್ದರೆ ಅಲ್ಲಿನ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರದವರನ್ನು ಮೊದಲು ಫೋನಿನಲ್ಲಿ ಕೇಳಿ.

ಸೇದೋದನ್ನೇ ಬಿಡಬೇಕು ಅಂತ ಹುಡುಗನಿಗೆ ಮನಸ್ಸಿದ್ದರೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ. ದಕ್ಷಿಣದ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೀಡಿ, ಗುಟ್ಕಾ ಬಿಡೋಕೆ ಕೊಡುವ ಆಪ್ತಸಲಹೆಯೇ ವೇಪಿಗೂ ಆಗುತ್ತದೆ, ಚಟ ಹಚ್ಚಿರೋದು ಅದೇ ನಿಕೋಟಿನ್. ಆದರೆ ಗಟ್ಟಿ ದ್ರವ ಸೇದುತ್ತಿದ್ದವರಿಗೆ ಮೊದಲ ವಾರ ತಲೆನೋವು, ಸಿಡುಕು, ನಿದ್ದೆ ಬಾರದಿರೋದು ಜೋರಾಗಿಯೇ ಇರುತ್ತದೆ. ಆ ವಾರದಲ್ಲಿ ಮನೆಯವರು "ಒಂದ್ ವಾರದಾಗ ಬಿಡ್ತೀನಿ ಅಂದಿದ್ದೆಲ್ಲೋ" ಅಂತ ಚುಚ್ಚದೆ ಇದ್ದರೆ ಹುಡುಗನಿಗೆ ಅರ್ಧ ಹೊರೆ ಇಳಿದಂತೆ.